ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಹೊಸ ಗೇಮ್ ಓಡುತ್ತಾ? ದುಡ್ಡು ಕೊಡೋ ಮುಂಚೆ ತಿಳಿದಿರಬೇಕಾದ ಲೆಕ್ಕ

ಪಿಯುಸಿ ಮುಗಿಸಿ ಇಂಜಿನಿಯರಿಂಗ್, ಬಿಸಿಎ, ಡಿಪ್ಲೊಮಾ ಅಂತ ಮಕ್ಕಳು ಕಾಲೇಜು ಸೇರುವ ಹೊತ್ತಿಗೆ ಮನೆಯಲ್ಲಿ ಲ್ಯಾಪ್‌ಟಾಪ್ ಮಾತು ಶುರುವಾಗುತ್ತದೆ. ಅಪ್ಪನ ಲೆಕ್ಕದಲ್ಲಿ ಅದು ಓದಿಗೆ, ಮಗನ ಲೆಕ್ಕದಲ್ಲಿ ಓದಿಗೂ ಹೌದು, ಗೇಮಿಗೂ ಹೌದು. ಅಂಗಡಿಯಲ್ಲಿ ‘ಗೇಮ್ ಆಡೋಕೆ ಆಗುತ್ತಾ?’ ಅಂತ ಕೇಳಿದರೆ ‘ಆಗುತ್ತೆ ಸಾರ್, ಎಲ್ಲಾ ಓಡುತ್ತೆ’ ಅನ್ನುವ ಉತ್ತರ ಸಿಗುತ್ತದೆ. ಮನೆಗೆ ತಂದ ಮೇಲೆ ಹೊಸ ಗೇಮ್ ಹಾಕಿದರೆ ಚಿತ್ರ ತೊದಲುತ್ತದೆ, ಇಲ್ಲವೇ ಗೇಮ್ ತೆರೆಯುವುದೇ ಇಲ್ಲ. ಆಗ ಜಗಳ ಮಾರಿದವರ ಜೊತೆ. ಎಷ್ಟೋ ಸಲ ಮಾರಿದವರಿಗೂ ವಿಷಯ ಸರಿಯಾಗಿ ಗೊತ್ತಿರುವುದಿಲ್ಲ ಅನ್ನುವುದೂ ನಿಜ.

ನೇರ ಉತ್ತರ ಹೀಗಿದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಆನ್‌ಲೈನ್ ಸ್ಪರ್ಧೆಯ ಹಗುರ ಗೇಮ್‌ಗಳು, 2ಡಿ ಗೇಮ್‌ಗಳು, ಹತ್ತು ವರ್ಷ ಹಳೆಯ ದೊಡ್ಡ ಗೇಮ್‌ಗಳು ಆರಾಮಾಗಿ ಓಡುತ್ತವೆ. ಕಳೆದ ಎರಡು-ಮೂರು ವರ್ಷಗಳಲ್ಲಿ ಬಂದ ಭಾರಿ ಗೇಮ್‌ಗಳು ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಓಡಲ್ಲ. ಇವೆರಡರ ನಡುವೆ, ಒಳ್ಳೆಯ ಚಿಪ್ ಇದ್ದು ಚಿತ್ರದ ಗುಣಮಟ್ಟ ಇಳಿಸಿಕೊಳ್ಳೋಕೆ ತಯಾರಿದ್ದರೆ ಆಡಬಹುದಾದ ಗೇಮ್‌ಗಳ ಒಂದು ದೊಡ್ಡ ಸಾಲೇ ಇದೆ. ಗೊಂದಲ ಇರುವುದೆಲ್ಲ ಈ ನಡುವಿನ ಸಾಲಿನಲ್ಲಿ.

ಒಳಗಿನ ಗ್ರಾಫಿಕ್ಸ್ ಅಂದ್ರೆ ಏನು?

ಪರದೆ ಮೇಲೆ ಚಿತ್ರ ಬಿಡಿಸುವ ಕೆಲಸಕ್ಕೆ ಪ್ರತಿ ಲ್ಯಾಪ್‌ಟಾಪ್‌ನಲ್ಲೂ ಒಂದು ಗ್ರಾಫಿಕ್ಸ್ ಭಾಗ ಇರಲೇಬೇಕು. ಅದು ಪ್ರೊಸೆಸರ್ ಜೊತೆಗೇ ಸೇರಿಕೊಂಡಿದ್ದರೆ ಇಂಟಿಗ್ರೇಟೆಡ್ ಗ್ರಾಫಿಕ್ಸ್. ಬೇರೆ ಚಿಪ್ ಆಗಿ, ತನ್ನದೇ ಮೆಮೊರಿ ಇಟ್ಟುಕೊಂಡು ಕೂತಿದ್ದರೆ ಡೆಡಿಕೇಟೆಡ್ ಗ್ರಾಫಿಕ್ಸ್. ಅಂಗಡಿ ಭಾಷೆಯಲ್ಲಿ ‘ಗ್ರಾಫಿಕ್ಸ್ ಕಾರ್ಡ್ ಇದೆ’ ಅಂದರೆ ಈ ಎರಡನೆಯದು.

ವ್ಯತ್ಯಾಸ ಶಕ್ತಿಯಲ್ಲಿ ಮಾತ್ರ ಅಲ್ಲ, ಮೆಮೊರಿಯಲ್ಲೂ ಇದೆ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ. ಅದು ಲ್ಯಾಪ್‌ಟಾಪ್‌ನ ರ‍್ಯಾಮ್‌ನಲ್ಲೇ ಪಾಲು ತೆಗೆದುಕೊಳ್ಳುತ್ತದೆ. ಒಂದೇ ಬೋರ್‌ವೆಲ್‌ನಿಂದ ಮನೆಗೂ ತೋಟಕ್ಕೂ ನೀರು ಬಿಟ್ಟ ಹಾಗೆ. ತೋಟಕ್ಕೆ ಬಿಟ್ಟಾಗ ಮನೆ ನಲ್ಲಿ ಸಣ್ಣಗಾಗುತ್ತದೆ. ಲೆಕ್ಕದಲ್ಲಿ ಹೇಳುವುದಾದರೆ, ಡಿಡಿಆರ್4 3200 ರ‍್ಯಾಮ್ ಒಂದೇ ಸ್ಟಿಕ್ ಇದ್ದರೆ ಸೆಕೆಂಡಿಗೆ 25.6 ಜಿಬಿ ಮಾಹಿತಿ ಸಾಗುತ್ತದೆ, ಎರಡು ಸ್ಟಿಕ್ ಇದ್ದರೆ 51.2 ಜಿಬಿ. ಡಿಡಿಆರ್5 5600 ಎರಡು ಸ್ಟಿಕ್ ಹಾಕಿದರೆ 89.6 ಜಿಬಿ. ಇದನ್ನು ಪ್ರೊಸೆಸರ್, ಗ್ರಾಫಿಕ್ಸ್ ಇಬ್ಬರೂ ಹಂಚಿಕೊಳ್ಳಬೇಕು. ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಬರುವ ಎನ್ವಿಡಿಯಾ ಆರ್‌ಟಿಎಕ್ಸ್ 4060 ಚಿಪ್‌ಗೆ ತನ್ನೊಬ್ಬನಿಗೇ 256 ಜಿಬಿ ವೇಗದ ದಾರಿ ಇದೆ. ಎಷ್ಟೇ ಹೊಸ ಐ7 ಇದ್ದರೂ ಈ ಅಂತರ ತುಂಬುವುದಿಲ್ಲ.

ಹಾಗಂತ ಒಳಗಿನ ಗ್ರಾಫಿಕ್ಸ್ ಅಂದರೆ ಕೈಲಾಗದ್ದು ಅಂತಲೂ ಅಲ್ಲ. ವಾಲ್ವ್ ಕಂಪನಿ 2022ರ ಫೆಬ್ರವರಿಯಲ್ಲಿ ತಂದ ಸ್ಟೀಮ್ ಡೆಕ್ ಅನ್ನುವ ಕೈಯಲ್ಲಿ ಹಿಡಿಯುವ ಗೇಮಿಂಗ್ ಯಂತ್ರದಲ್ಲೂ ಇರುವುದು ಇಂಟಿಗ್ರೇಟೆಡ್ ಗ್ರಾಫಿಕ್ಸೇ. ಅದರಲ್ಲಿ ‘ಎಲ್ಡನ್ ರಿಂಗ್’, ‘ಸೈಬರ್‌ಪಂಕ್ 2077’ ಆಡುವವರಿದ್ದಾರೆ. ಗುಟ್ಟು ಏನಪ್ಪಾ ಅಂದರೆ, ಅದರ ಪರದೆ 1280×800. ಅಂದರೆ ಬಿಡಿಸಬೇಕಾದ ಚುಕ್ಕೆಗಳು ಸುಮಾರು 10 ಲಕ್ಷ. ನಮ್ಮ ಸಾಮಾನ್ಯ ಲ್ಯಾಪ್‌ಟಾಪ್‌ನ ಫುಲ್ ಎಚ್‌ಡಿ ಪರದೆಯಲ್ಲಿ ಅವು 20 ಲಕ್ಷಕ್ಕೂ ಹೆಚ್ಚು.

ಐ5, ರೈಜನ್ 5 ಅಂದರೆ ಸಾಲದು

ಜನ ಹೆಚ್ಚು ಏಮಾರುವುದು ಇಲ್ಲೇ. ‘ಐ5 ಇದೆ, 12ನೇ ಜನರೇಷನ್’ ಅಂತ ಕೇಳಿ ಸಮಾಧಾನ ಮಾಡಿಕೊಳ್ಳುತ್ತಾರೆ. ಪ್ರೊಸೆಸರ್ ಹೆಸರಿನ ಪೂರ್ತಿ ನಂಬರು ನೋಡದೆ ಗ್ರಾಫಿಕ್ಸ್ ಬಗ್ಗೆ ಏನೂ ಹೇಳೋಕೆ ಬರಲ್ಲ.

ಇಂಟೆಲ್‌ನದೇ ಉದಾಹರಣೆ. ಐ5-1235ಯು ಚಿಪ್‌ನಲ್ಲಿ ಐರಿಸ್ ಎಕ್ಸ್‌ಇ ಗ್ರಾಫಿಕ್ಸ್ ಇದೆ, ಅದರಲ್ಲಿ 80 ಘಟಕ. ಐ5-12450ಎಚ್ ಅನ್ನುವುದು ಹೆಸರಲ್ಲಿ ‘ಎಚ್’ ಇರುವ, ಹೆಚ್ಚು ಶಕ್ತಿಯ ಪ್ರೊಸೆಸರ್. ಆದರೆ ಅದರ ಗ್ರಾಫಿಕ್ಸ್ ಬರೀ ಯುಎಚ್‌ಡಿ, ಘಟಕ 48 ಮಾತ್ರ. ಎಚ್ ಸಾಲಿನ ಚಿಪ್ ಸಾಮಾನ್ಯವಾಗಿ ಪಕ್ಕದಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇರುತ್ತೆ ಅನ್ನುವ ಲೆಕ್ಕದಲ್ಲಿ ಬರುತ್ತದೆ. ಕಾರ್ಡ್ ಇಲ್ಲದೆ ಅದೊಂದನ್ನೇ ಹಾಕಿದ ಲ್ಯಾಪ್‌ಟಾಪ್‌ಗಳೂ ಮಾರುಕಟ್ಟೆಯಲ್ಲಿವೆ. ‘ಎಚ್ ಪ್ರೊಸೆಸರ್ ಸಾರ್, ಗೇಮಿಂಗ್‌ದು’ ಅಂತ ಅದನ್ನು ಮಾರಿದರೆ ಅರ್ಧ ಸತ್ಯ. ಕೋರ್ ಅಲ್ಟ್ರಾ ಸಾಲಿನಲ್ಲಿ ಕಥೆ ಉಲ್ಟಾ. ಅಲ್ಟ್ರಾ 5 125ಎಚ್‌ನಲ್ಲಿ ಆರ್ಕ್ ಗ್ರಾಫಿಕ್ಸ್‌ನ 7 ಕೋರ್ ಇವೆ, 125ಯು ಚಿಪ್‌ನಲ್ಲಿ 4 ಮಾತ್ರ. ಅಲ್ಲಿ ‘ಎಚ್’ ಇರುವುದೇ ಗೇಮಿಗೆ ಮೇಲು.

ಎಎಂಡಿ ಹೆಸರುಗಳು ಇನ್ನೂ ತಲೆನೋವು. ರೈಜನ್ 5 7520ಯು, 7530ಯು, 7535ಯು, 7640ಯು ನಾಲ್ಕೂ ‘ರೈಜನ್ 5, 7000 ಸೀರೀಸ್’ ಅಂತಲೇ ಕರೆಸಿಕೊಳ್ಳುತ್ತವೆ. ಮೊದಲನೆಯದರಲ್ಲಿ ರೇಡಿಯಾನ್ 610ಎಂ, ಗ್ರಾಫಿಕ್ಸ್ ಘಟಕ ಬರೀ 2. ಎರಡನೆಯದರಲ್ಲಿ ಹಳೆಯ ವೆಗಾ ಗ್ರಾಫಿಕ್ಸ್, ಘಟಕ 7. ಮೂರನೆಯದರಲ್ಲಿ 660ಎಂ, ಘಟಕ 6. ಎಣಿಕೆ ಒಂದು ಕಮ್ಮಿ ಆದರೂ ತಂತ್ರಜ್ಞಾನ ಹೊಸದು, ಕೆಲಸ ಹೆಚ್ಚು. ನಾಲ್ಕನೆಯದರಲ್ಲಿ 760ಎಂ, ಘಟಕ 8. ಈ 7000 ಸಾಲಿನಲ್ಲಿ ಮೂರನೇ ಅಂಕಿ ನೋಡಬೇಕು: 2 ಇದ್ದರೆ ಹಳೆಯ ತಲೆಮಾರು, 3 ಇದ್ದರೆ ನಡುವಿನದು, 4 ಇದ್ದರೆ ಹೊಸದು. 7520ಯು ಇರುವ ಲ್ಯಾಪ್‌ಟಾಪ್ ಕಾಲೇಜು ಕೆಲಸಕ್ಕೆ, ಅಂಗಡಿ ಬಿಲ್ಲಿಂಗ್‌ಗೆ ಪರವಾಗಿಲ್ಲ. ಅದರ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿ ಬರುತ್ತದೆ, ಆಮೇಲೆ ಹೆಚ್ಚಿಸೋಕೂ ಆಗಲ್ಲ. ಗೇಮಿಗೆ ಅಂತ ಅದನ್ನು ಕೊಳ್ಳಲೇಬೇಡಿ.

ಒಳಗಿನ ಗ್ರಾಫಿಕ್ಸ್‌ನಲ್ಲಿ ನಿಜಕ್ಕೂ ಗೇಮ್ ಆಡಿಸುವಂಥವು ಅಂದರೆ ಎಎಂಡಿಯ ರೇಡಿಯಾನ್ 680ಎಂ, 780ಎಂ ಮತ್ತು 2024ರಲ್ಲಿ ಬಂದ 890ಎಂ. ಇಂಟೆಲ್‌ನಲ್ಲಿ ಕೋರ್ ಅಲ್ಟ್ರಾ ಎಚ್ ಚಿಪ್‌ಗಳ ಆರ್ಕ್ ಮತ್ತು ಅದೇ ವರ್ಷದ ಆರ್ಕ್ 140ವಿ. 780ಎಂ ರೈಜನ್ 7 7840ಎಚ್‌ಎಸ್, 8845ಎಚ್‌ಎಸ್ ಚಿಪ್‌ಗಳಲ್ಲಿ ಸಿಗುತ್ತದೆ. ಹಳೆಯ ಲ್ಯಾಪ್‌ಟಾಪ್‌ಗಳ ಎಂಎಕ್ಸ್350 ಥರದ 2 ಜಿಬಿ ಪ್ರತ್ಯೇಕ ಕಾರ್ಡಿಗಿಂತ ಇದೇ ಜೋರು. ಅಂದರೆ ‘ಕಾರ್ಡ್ ಇದೆ’ ಅಂದ ಮಾತ್ರಕ್ಕೆ ಅದು ಮೇಲು ಅಂತಲೂ ಹೇಳೋಕಾಗಲ್ಲ.

ಯಾವ ಗೇಮ್ ಓಡುತ್ತೆ, ಯಾವುದು ಓಡಲ್ಲ

ಹುಡುಗರು ಹೆಚ್ಚು ಕೇಳುವ ವ್ಯಾಲೊರಂಟ್‌ನಿಂದ ಶುರು ಮಾಡಬಹುದು. 2020ರಲ್ಲಿ ಬಂದ ಈ ಉಚಿತ ಗೇಮಿಗೆ ಕಂಪನಿ ಕೇಳುವ ಕನಿಷ್ಠ ಗ್ರಾಫಿಕ್ಸ್ ಇಂಟೆಲ್ ಎಚ್‌ಡಿ 4000, ಅಂದರೆ ಹತ್ತು ವರ್ಷಕ್ಕೂ ಹಳೆಯ ಒಳಗಿನ ಗ್ರಾಫಿಕ್ಸ್. ಐರಿಸ್ ಎಕ್ಸ್‌ಇ, ವೆಗಾ ಯಾವುದರಲ್ಲಾದರೂ ಸಲೀಸು. ಒಂದೇ ತೊಡಕು: ವಿಂಡೋಸ್ 11ನಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಆನ್ ಇರಬೇಕು. ಹಳೆಯ ಲ್ಯಾಪ್‌ಟಾಪ್‌ಗೆ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಸಿದ್ದರೆ ‘ವ್ಯಾನ್ 9001’ ಅಂತ ಎರರ್ ಬರುತ್ತದೆ. ಅದು ಗ್ರಾಫಿಕ್ಸ್ ದೋಷ ಅಲ್ಲ. ಅದಕ್ಕಾಗಿ ಲ್ಯಾಪ್‌ಟಾಪ್ ಬದಲಿಸಬೇಡಿ, ಮೊದಲು ಬಯೋಸ್ ಸೆಟ್ಟಿಂಗ್ ತೋರಿಸಿ.

ಮೈನ್‌ಕ್ರಾಫ್ಟ್, ಡೋಟಾ 2, ರಾಕೆಟ್ ಲೀಗ್ ಕೂಡ ಹಗುರ. 2023ರ ಸೆಪ್ಟೆಂಬರ್‌ನಲ್ಲಿ ಬಂದ ಕೌಂಟರ್-ಸ್ಟ್ರೈಕ್ 2 ಹಳೆಯ ಆವೃತ್ತಿಗಿಂತ ಭಾರ. ಐರಿಸ್ ಎಕ್ಸ್‌ಇ ಮೇಲೆ 720ಪಿ ರೆಸಲ್ಯೂಷನ್, ಎಲ್ಲ ಸೆಟ್ಟಿಂಗ್ ಕೆಳಗಿಳಿಸಿ ಆಡಬಹುದು, ಹೊಗೆ ಬಾಂಬ್ ಬಿದ್ದಾಗ ಮಾತ್ರ ತಡವರಿಸುತ್ತದೆ. ಜೊತೆಗೆ ಅದಕ್ಕೆ 85 ಜಿಬಿ ಜಾಗ ಬೇಕು. ದಿನಕ್ಕೆ 2 ಜಿಬಿ ಮೊಬೈಲ್ ಡೇಟಾ ನಂಬಿಕೊಂಡವರಿಗೆ ಡೌನ್‌ಲೋಡ್ ಒಂದೇ ಒಂದೂವರೆ ತಿಂಗಳ ಕೆಲಸ.

ಜಿಟಿಎ 5 ವಿಷಯದಲ್ಲಿ ಎರಡು ಆವೃತ್ತಿ ಇವೆ ಅನ್ನುವುದು ಗೊತ್ತಿರಲಿ. 2015ರಲ್ಲಿ ಪಿಸಿಗೆ ಬಂದ ಹಳೆಯದು ಐರಿಸ್ ಎಕ್ಸ್‌ಇ, ವೆಗಾ 8 ಮೇಲೆ ಚೆನ್ನಾಗಿಯೇ ಓಡುತ್ತದೆ. 2025ರ ಮಾರ್ಚ್‌ನಲ್ಲಿ ಬಂದ ‘ಎನ್‌ಹ್ಯಾನ್ಸ್‌ಡ್’ ಆವೃತ್ತಿ ಕನಿಷ್ಠ 4 ಜಿಬಿಯ ಜಿಟಿಎಕ್ಸ್ 1630 ಕಾರ್ಡ್ ಕೇಳುತ್ತದೆ. ಕಾರ್ಡ್ ಇಲ್ಲದವರು ಹಳೆಯದನ್ನೇ ಇಳಿಸಿಕೊಳ್ಳುವುದು ಒಳ್ಳೆಯದು. ಇನ್ನು ಜಿಟಿಎ 6 ಬಗ್ಗೆ ಕೇಳುವವರಿಗೆ: ರಾಕ್‌ಸ್ಟಾರ್ ಕಂಪನಿ ಅದನ್ನು ಘೋಷಿಸಿದ್ದು ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಯಂತ್ರಗಳಿಗೆ. ‘ಜಿಟಿಎ 6 ಓಡುತ್ತೆ’ ಅಂತ ಯಾರಾದರೂ ಲ್ಯಾಪ್‌ಟಾಪ್ ಮಾರಲು ಬಂದರೆ ಅಲ್ಲಿಂದ ಎದ್ದು ಬನ್ನಿ.

ಬಿಜಿಎಂಐ ಮೂಲತಃ ಫೋನ್‌ಗೆ ಮಾಡಿದ ಗೇಮ್. ಲ್ಯಾಪ್‌ಟಾಪ್‌ಗೆ ಇರುವುದು ಪಬ್‌ಜಿ ಬ್ಯಾಟಲ್‌ಗ್ರೌಂಡ್ಸ್, ಅದೇ ಬೇರೆ ಗೇಮ್. 2022ರ ಜನವರಿಯಿಂದ ಉಚಿತ, ಕೇಳುವುದು ಜಿಟಿಎಕ್ಸ್ 960 ಕಾರ್ಡ್ ಮತ್ತು 8 ಜಿಬಿ ರ‍್ಯಾಮ್. ಐರಿಸ್ ಎಕ್ಸ್‌ಇ ಮೇಲೆ ಎಳೆದಾಡಿಕೊಂಡು ಓಡುತ್ತೆ, ಖುಷಿ ಸಿಗಲ್ಲ. ಕ್ರಿಕೆಟ್ ಹುಚ್ಚಿನವರ ಇಎ ಕ್ರಿಕೆಟ್ 07 ಅಂತೂ 2006ರದ್ದು. ಅದು ಯಾವ ಡಬ್ಬಾದಲ್ಲೂ ಓಡುತ್ತದೆ.

ಈಗ ಭಾರದವು. ‘ಎಲ್ಡನ್ ರಿಂಗ್’ ಕನಿಷ್ಠ ಜಿಟಿಎಕ್ಸ್ 1060 3 ಜಿಬಿ ಕಾರ್ಡ್, 12 ಜಿಬಿ ರ‍್ಯಾಮ್ ಕೇಳುತ್ತದೆ. ‘ಬ್ಲ್ಯಾಕ್ ಮಿಥ್: ವುಕಾಂಗ್’ (2024) ಜಿಟಿಎಕ್ಸ್ 1060 6 ಜಿಬಿ, 16 ಜಿಬಿ ರ‍್ಯಾಮ್, 130 ಜಿಬಿ ಜಾಗ ಕೇಳುತ್ತದೆ. 680ಎಂ, 780ಎಂ ಇದ್ದವರು ರೆಸಲ್ಯೂಷನ್ ಇಳಿಸಿ ಮೊದಲನೆಯದನ್ನು ಸೆಕೆಂಡಿಗೆ 30 ಫ್ರೇಮ್ ಆಸುಪಾಸಿನಲ್ಲಿ ಆಡಬಹುದು. ಯುಎಚ್‌ಡಿ, 610ಎಂ ಇದ್ದವರು ಆಸೆ ಬಿಡುವುದೇ ಒಳ್ಳೆಯದು.

2024ರ ಡಿಸೆಂಬರ್‌ನ ‘ಇಂಡಿಯಾನಾ ಜೋನ್ಸ್ ಆ್ಯಂಡ್ ದಿ ಗ್ರೇಟ್ ಸರ್ಕಲ್’ ಮತ್ತು 2025ರ ಮೇ ತಿಂಗಳ ‘ಡೂಮ್: ದಿ ಡಾರ್ಕ್ ಏಜಸ್’ ಬೇರೆಯದೇ ಜಾತಿ. ಇವಕ್ಕೆ ಬೆಳಕಿನ ಕಿರಣಗಳ ದಾರಿ ಲೆಕ್ಕ ಹಾಕುವ ರೇ ಟ್ರೇಸಿಂಗ್ ಹಾರ್ಡ್‌ವೇರ್ ಕಡ್ಡಾಯ. ಕನಿಷ್ಠ ಕಾರ್ಡೇ 8 ಜಿಬಿಯ ಆರ್‌ಟಿಎಕ್ಸ್ 2060 ಸೂಪರ್. ಐರಿಸ್ ಎಕ್ಸ್‌ಇ, ವೆಗಾ ಎರಡರಲ್ಲೂ ಆ ಹಾರ್ಡ್‌ವೇರ್ ಇಲ್ಲ. ಹಾಗಾಗಿ ಅವುಗಳಲ್ಲಿ ಈ ಗೇಮ್ ನಿಧಾನ ಆಗುವ ಪ್ರಶ್ನೆಯೇ ಇಲ್ಲ, ಶುರುವೇ ಆಗಲ್ಲ. ಸೆಟ್ಟಿಂಗ್ ಇಳಿಸಿದರೂ ಪ್ರಯೋಜನ ಇಲ್ಲ. ಮುಂದೆ ಬರುವ ದೊಡ್ಡ ಗೇಮ್‌ಗಳಲ್ಲಿ ಇಂಥವು ಹೆಚ್ಚುತ್ತವೆ ಅಂತಲೇ ಲೆಕ್ಕ ಇಟ್ಟುಕೊಳ್ಳಬೇಕು.

‘ಹೊಸ ಗೇಮ್’ ಅಂದರೆ ಭಾರಿ ಗೇಮೇ ಆಗಬೇಕೆಂದಿಲ್ಲ. 2024ರ ‘ಬಲಾಟ್ರೊ’, 2025ರ ‘ಹಾಲೊ ನೈಟ್: ಸಿಲ್ಕ್‌ಸಾಂಗ್’ ಎರಡೂ ಹೊಸವೇ, ಜಗತ್ತೆಲ್ಲ ಆಡಿದವೇ, 2ಡಿ ಆದ್ದರಿಂದ ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ಓಡುತ್ತವೆ.

ಇರುವ ಲ್ಯಾಪ್‌ಟಾಪ್‌ನಲ್ಲೇ ವೇಗ ಹೆಚ್ಚಿಸೋದು ಹೇಗೆ?

ಮೊದಲ ಕೆಲಸ ರ‍್ಯಾಮ್. ಕಮ್ಮಿ ಬೆಲೆ ಲ್ಯಾಪ್‌ಟಾಪ್‌ಗಳು ಬಹಳಷ್ಟು ಸಲ 8 ಜಿಬಿಯ ಒಂದೇ ಸ್ಟಿಕ್ ಹಾಕಿಕೊಂಡು ಬರುತ್ತವೆ. ಮೇಲೆ ಹೇಳಿದ ಬೋರ್‌ವೆಲ್ ಪೈಪು ಅಲ್ಲಿ ಅರ್ಧ ಗಾತ್ರದ್ದು. ಅದೇ ಬಗೆಯ ಇನ್ನೊಂದು 8 ಜಿಬಿ ಸ್ಟಿಕ್ ಹಾಕಿಸಿದರೆ ಎರಡು ಲಾಭ: ಜಾಗ 16 ಜಿಬಿ ಆಗುತ್ತದೆ, ದಾರಿ ಜೋಡಿಯಾಗುತ್ತದೆ. ಕೆಲವು ಗೇಮ್‌ಗಳಲ್ಲಿ ಫ್ರೇಮ್ ಮೂರನೇ ಒಂದು ಭಾಗಕ್ಕೂ ಹೆಚ್ಚು ಏರುತ್ತದೆ. ಇಂಟೆಲ್ ಈ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟು ಅಂದರೆ, ಐರಿಸ್ ಎಕ್ಸ್‌ಇ ಇರುವ ಚಿಪ್‌ಗೆ ಒಂದೇ ಸ್ಟಿಕ್ ರ‍್ಯಾಮ್ ಹಾಕಿದ್ದರೆ ವಿಂಡೋಸ್‌ನಲ್ಲಿ ಅದರ ಹೆಸರೇ ‘ಯುಎಚ್‌ಡಿ ಗ್ರಾಫಿಕ್ಸ್’ ಅಂತ ತೋರಿಸುತ್ತದೆ. ಐರಿಸ್ ಅಂತ ಹೇಳಿ ಯುಎಚ್‌ಡಿ ಕೊಟ್ಟಿದ್ದಾರೆ ಅಂತ ಅಂಗಡಿಯವರ ಮೇಲೆ ರೇಗುವ ಮುಂಚೆ ಇದನ್ನು ನೋಡಿ.

ಪರೀಕ್ಷೆ ಸುಲಭ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿ ಒತ್ತಿ. ಎರಡು ಸ್ಲಾಟ್‌ನಲ್ಲಿ ಒಂದು ಬಳಕೆಯಲ್ಲಿದೆ ಅಂತ ಇದ್ದರೆ ಇನ್ನೊಂದು ಖಾಲಿ ಎಂದರ್ಥ. ಫಾರ್ಮ್ ಫ್ಯಾಕ್ಟರ್ ಎದುರು ‘ರೋ ಆಫ್ ಚಿಪ್ಸ್’ ಅಂತ ಇದ್ದರೆ ರ‍್ಯಾಮ್ ಬೋರ್ಡಿಗೆ ಬೆಸುಗೆ ಹಾಕಿದ್ದು, ಅದನ್ನು ಬಿಚ್ಚಿ ಬದಲಿಸೋಕೆ ಬರಲ್ಲ. ಡಿಡಿಆರ್4 ಸ್ಲಾಟಿಗೆ ಡಿಡಿಆರ್5 ಕೂರಲ್ಲ ಅನ್ನುವುದೂ ನೆನಪಿರಲಿ.

ಆಮೇಲೆ ಗೇಮಿನ ಒಳಗೆ ರೆಸಲ್ಯೂಷನ್. 1080ಪಿಯಿಂದ 720ಪಿಗೆ ಇಳಿಸಿದರೆ ಚುಕ್ಕೆಗಳು 20.7 ಲಕ್ಷದಿಂದ 9.2 ಲಕ್ಷಕ್ಕೆ ಬೀಳುತ್ತವೆ, ಕೆಲಸ ಅರ್ಧಕ್ಕಿಂತ ಕಮ್ಮಿ. ಚಿತ್ರ ಸ್ವಲ್ಪ ಮಸುಕಾಗುತ್ತದೆ. ಆ ಮಸುಕು ಕಮ್ಮಿ ಮಾಡೋಕೆ ಎಎಂಡಿಯ ಎಫ್‌ಎಸ್‌ಆರ್, ಇಂಟೆಲ್‌ನ ಎಕ್ಸ್‌ಇಎಸ್‌ಎಸ್ ಅನ್ನುವ ತಂತ್ರಗಳಿವೆ. ಸಣ್ಣ ಚಿತ್ರ ಬಿಡಿಸಿ, ಅದನ್ನು ಜಾಣತನದಿಂದ ಹಿಗ್ಗಿಸಿ ತೋರಿಸುವುದು ಇವುಗಳ ಕೆಲಸ. ಹೊಸ ಗೇಮ್‌ಗಳ ಸೆಟ್ಟಿಂಗ್‌ನಲ್ಲೇ ಆಯ್ಕೆ ಇರುತ್ತದೆ. ಡಿಎಲ್‌ಎಸ್‌ಎಸ್ ಮಾತ್ರ ಎನ್ವಿಡಿಯಾ ಆರ್‌ಟಿಎಕ್ಸ್ ಕಾರ್ಡ್ ಇದ್ದವರಿಗೇ. ನೆರಳು, ಪ್ರತಿಬಿಂಬ ಇವೆರಡನ್ನು ಕೆಳಗಿಳಿಸಿದರೂ ಒಳ್ಳೆ ಫಲ ಸಿಗುತ್ತದೆ. ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕಿಕೊಳ್ಳಿ. ಅದು ಇಂಟೆಲ್, ಎಎಂಡಿ ಅಥವಾ ಲ್ಯಾಪ್‌ಟಾಪ್ ಕಂಪನಿಯಿಂದಲೇ ಪುಕ್ಕಟೆ ಸಿಗುತ್ತದೆ, ‘ಡ್ರೈವರ್ ಅಪ್‌ಡೇಟರ್’ ಅಂತ ದುಡ್ಡು ಕೇಳುವ ಸಾಫ್ಟ್‌ವೇರ್ ಬೇಡ.

ಚಾರ್ಜರ್ ಹಾಕಿಕೊಂಡೇ ಆಡಬೇಕು. ಕರೆಂಟ್ ಹೋಗಿ ಬ್ಯಾಟರಿ ಮೇಲೆ ಬಂದ ತಕ್ಷಣ ಗೇಮ್ ನಿಧಾನವಾದರೆ ಲ್ಯಾಪ್‌ಟಾಪ್ ಕೆಟ್ಟಿದೆ ಅಂತಲ್ಲ, ಅದು ವಿದ್ಯುತ್ ಉಳಿಸಲು ತಾನೇ ವೇಗ ತಗ್ಗಿಸಿದೆ. ಬಿಸಿ ಆದಾಗಲೂ ಹೀಗೇ. ಹಾಸಿಗೆ ಮೇಲೆ ಇಟ್ಟರೆ ಕೆಳಗಿನ ಗಾಳಿ ಕಿಂಡಿ ಮುಚ್ಚಿ, ಹತ್ತು-ಹದಿನೈದು ನಿಮಿಷಕ್ಕೆ ಫ್ರೇಮ್ ಬೀಳೋಕೆ ಶುರು. ಏಪ್ರಿಲ್-ಮೇ ಸೆಕೆಯಲ್ಲಂತೂ ಕೇಳುವುದೇ ಬೇಡ.

ಕಾರ್ಡ್ ಇದ್ದೂ ನಿಧಾನ ಆಗುವ ಇನ್ನೊಂದು ಪ್ರಕರಣ ಇದೆ. ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಒಳಗಿನದೂ ಹೊರಗಿನದೂ ಎರಡೂ ಗ್ರಾಫಿಕ್ಸ್ ಇರುತ್ತವೆ, ಕೆಲವೊಮ್ಮೆ ಗೇಮ್ ತಪ್ಪಿ ಒಳಗಿನದರ ಮೇಲೆ ಓಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್‌ಗೆ ಹೋಗಿ ಆ ಗೇಮಿಗೆ ‘ಹೈ ಪರ್ಫಾರ್ಮೆನ್ಸ್’ ಆಯ್ದರೆ ಮುಗಿಯಿತು.

‘4 ಜಿಬಿ ಗ್ರಾಫಿಕ್ಸ್ ಇದೆ’ ಅನ್ನುವ ಮಾತು

ವಿಂಡೋಸ್ ಒಟ್ಟು ರ‍್ಯಾಮ್‌ನ ಸುಮಾರು ಅರ್ಧದವರೆಗೆ ಗ್ರಾಫಿಕ್ಸ್‌ಗೆ ಬಳಸಲು ಬಿಡುತ್ತದೆ. 8 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಅದು ‘ಶೇರ್ಡ್’ ಮೆಮೊರಿ 4 ಜಿಬಿ ಹತ್ತಿರ ಅಂತ ತೋರುತ್ತದೆ. ಇದನ್ನೇ ತೋರಿಸಿ ‘4 ಜಿಬಿ ಗ್ರಾಫಿಕ್ಸ್ ಕಾರ್ಡ್’ ಅಂತ ಮಾರುವುದುಂಟು. ಅದು ಕಾರ್ಡ್ ಅಲ್ಲ, ನಿಮ್ಮದೇ ರ‍್ಯಾಮ್. ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಪಿಯು ಒತ್ತಿದರೆ ಮೇಲೆ ಹೆಸರು ಕಾಣುತ್ತದೆ. ಬರೀ ಇಂಟೆಲ್ ಯುಎಚ್‌ಡಿ, ಐರಿಸ್ ಎಕ್ಸ್‌ಇ, ಅಥವಾ ನಂಬರಿಲ್ಲದ ‘ಎಎಂಡಿ ರೇಡಿಯಾನ್ ಗ್ರಾಫಿಕ್ಸ್’ ಒಂದೇ ಇದ್ದು, ಎರಡನೇ ಜಿಪಿಯು ಇಲ್ಲ ಅಂದರೆ ಪ್ರತ್ಯೇಕ ಕಾರ್ಡ್ ಇಲ್ಲ.

ಅಂಗಡಿಯವರಿಗೂ ಇದರಲ್ಲಿ ಕಾಳಜಿ ಇದೆ. ಬಿಲ್ಲಿನಲ್ಲಿ ‘ಲ್ಯಾಪ್‌ಟಾಪ್ ಐ5 8/512’ ಅಂತ ಬರೆಯುವ ಬದಲು ಪ್ರೊಸೆಸರ್‌ನ ಪೂರ್ತಿ ನಂಬರು, ಗ್ರಾಫಿಕ್ಸ್ ಹೆಸರು, ರ‍್ಯಾಮ್ ಎಷ್ಟು ಸ್ಟಿಕ್ ಅನ್ನುವುದನ್ನು ಬರೆದುಕೊಟ್ಟರೆ ನಾಳೆ ಮಾತಿಗೆ ಮಾತು ಬೆಳೆಯಲ್ಲ. ಗಿರಾಕಿಗೆ ಬಾಯಲ್ಲೊಂದು ಹೇಳಿ ಕೈಗೆ ಇನ್ನೊಂದು ಕೊಟ್ಟರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಹೋಗಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಅಲ್ಲಿ ದೂರಿನ ಶುಲ್ಕ ಇಲ್ಲ. ಅದಕ್ಕೂ ಮುಂಚೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಬಿಲ್ ಇಲ್ಲದೆ ಯಾವುದೂ ನಡೆಯಲ್ಲ, ಹಾಗಾಗಿ ‘ಬಿಲ್ ಬೇಡ, ಕಮ್ಮಿಗೆ ಕೊಡಿ’ ಅನ್ನುವವರು ಎರಡು ಸಲ ಯೋಚಿಸಬೇಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ

ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ಹಿಡಿದು ತಾಲೂಕು ಅಂಗಡಿಗಳವರೆಗೆ ಕಂಪನಿಗಳು ಬಳಸಿ ಬಿಟ್ಟ ಆಫೀಸ್ ಲ್ಯಾಪ್‌ಟಾಪ್‌ಗಳು ಸಿಗುತ್ತವೆ. ಇವುಗಳಲ್ಲಿ 8ನೇ ಜನರೇಷನ್ ಐ5 ಇರುವವು ಬಹಳ. ಗಟ್ಟಿಮುಟ್ಟಾಗಿರುತ್ತವೆ, ಓದಿಗೆ ಒಳ್ಳೆಯವು. ಗ್ರಾಫಿಕ್ಸ್ ಮಾತ್ರ 2017ರ ಯುಎಚ್‌ಡಿ 620, ಘಟಕ 24. ವ್ಯಾಲೊರಂಟ್, ಮೈನ್‌ಕ್ರಾಫ್ಟ್, ಹಳೆಯ ಜಿಟಿಎಗಳಿಗೆ ಅದು ಮಿತಿ. ಇದಕ್ಕಿಂತ ಹಳೆಯ 6 ಅಥವಾ 7ನೇ ಜನರೇಷನ್ ಕೊಳ್ಳುವಾಗ ಇನ್ನೊಂದು ವಿಷಯ: ಅವು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಹೆಚ್ಚೂಕಮ್ಮಿ ಇಲ್ಲವೇ ಇಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಹೊಸದನ್ನೇ ಕೊಳ್ಳುವವರು ಇಷ್ಟು ಮಾಡಬಹುದು. ಮಗ ಅಥವಾ ಮಗಳು ಆಡಬೇಕು ಅನ್ನುವ ಮೂರು ಗೇಮ್‌ಗಳ ಹೆಸರು ಚೀಟಿಯಲ್ಲಿ ಬರೆಸಿಕೊಳ್ಳಿ. ಪ್ರತಿ ಗೇಮಿನ ಪುಟದಲ್ಲಿ ಕನಿಷ್ಠ ಅಗತ್ಯ ಏನು ಅಂತ ಇರುತ್ತದೆ, ಗ್ರಾಫಿಕ್ಸ್ ಸಾಲು ಓದಿ. ಮೂರೂ ಹಗುರದವಾದರೆ ಒಳಗಿನ ಗ್ರಾಫಿಕ್ಸ್, 16 ಜಿಬಿ ರ‍್ಯಾಮ್ ಸಾಕು. ಕಾರ್ಡಿಗೆ ದುಡ್ಡು ಸುರಿಯುವ ಅಗತ್ಯ ಇಲ್ಲ, ಲ್ಯಾಪ್‌ಟಾಪ್ ಹಗುರ ಇರುತ್ತೆ, ಬ್ಯಾಟರಿಯೂ ಹೆಚ್ಚು ಬರುತ್ತೆ. ಒಂದರಲ್ಲಾದರೂ ಆರ್‌ಟಿಎಕ್ಸ್ ಅಂತ ಇದ್ದರೆ ಕಾರ್ಡ್ ಇರುವ ಲ್ಯಾಪ್‌ಟಾಪೇ ಬೇಕು, ಅದೂ 4 ಜಿಬಿಗಿಂತ 6 ಅಥವಾ 8 ಜಿಬಿಯದು. ಲ್ಯಾಪ್‌ಟಾಪ್‌ಗೆ ಕಾರ್ಡನ್ನು ಆಮೇಲೆ ಡೆಸ್ಕ್‌ಟಾಪ್ ಥರ ಸಿಕ್ಕಿಸೋಕೆ ಬರಲ್ಲ, ಈ ತೀರ್ಮಾನ ಕೊಳ್ಳುವ ದಿನವೇ ಆಗಬೇಕು. ಬಜೆಟ್ ಒಗ್ಗದಿದ್ದರೆ ಓದಿಗೆ ಸಾಧಾರಣ ಲ್ಯಾಪ್‌ಟಾಪ್ ಕೊಂಡು, ಗೇಮಿಗೆ ಮನೆಯಲ್ಲಿ ಒಂದು ಡೆಸ್ಕ್‌ಟಾಪ್ ನಿಧಾನಕ್ಕೆ ಕಟ್ಟಿಕೊಳ್ಳುವ ದಾರಿಯೂ ಇದೆ.

ಲ್ಯಾಪ್‌ಟಾಪ್ ಈಗಾಗಲೇ ಮನೆಯಲ್ಲಿದ್ದು, ದುಡ್ಡು ಕೊಟ್ಟು ಕೊಳ್ಳುವ ಗೇಮ್ ಓಡುತ್ತೋ ಇಲ್ಲವೋ ಅನ್ನುವ ಅನುಮಾನ ಇದ್ದರೆ ಸ್ಟೀಮ್‌ನಲ್ಲಿ ಕೊಳ್ಳಿ. ಕೊಂಡ 14 ದಿನದೊಳಗೆ, ಆಡಿದ ಸಮಯ 2 ಗಂಟೆ ದಾಟಿರದಿದ್ದರೆ ಹಣ ವಾಪಸ್ ಕೇಳಬಹುದು. ಪೆನ್‌ಡ್ರೈವ್‌ನಲ್ಲಿ ಓಡಾಡುವ ಕ್ರ್ಯಾಕ್ ಪ್ರತಿಗಳಿಗೆ ಆ ಸೌಲಭ್ಯ ಇಲ್ಲ, ಜೊತೆಗೆ ಅದೇ ಲ್ಯಾಪ್‌ಟಾಪ್‌ನಲ್ಲಿ ಅಪ್ಪನ ಬ್ಯಾಂಕ್ ಪಾಸ್‌ವರ್ಡೂ ಇರುತ್ತದೆ.